ಬೋನಿನ ಸುತ್ತ ಹೆಜ್ಜೆ, ಒಳಗೆ ಏನೂ ಇಲ್ಲ

ಪ್ರಶ್ನೆ: ರಕೂನ್ (ಕಣ್ಣಿನ ಸುತ್ತ ಕಪ್ಪು ಪಟ್ಟೆ ಇರುವ, ಅಮೆರಿಕದ ಕಾಡುಪ್ರಾಣಿ) ಹಿಡಿಯಲು ಲೈಸೆನ್ಸ್ ತಗೊಂಡಿದ್ದೇನೆ, ಇದೇ ಮೊದಲ ಸೀಸನ್. ಬೋನು ಗಟ್ಟಿ ಇದೆ, ಲ್ಯೂರ್ ಬಾಟಲಿಯೂ ಒಳ್ಳೆಯದೇ. ಬಾಗಿಲ ಹತ್ತಿರ ಧಾರಾಳವಾಗಿ ಸುರಿದೆ. ಅಷ್ಟು ವಾಸನೆ ಇದೆಯಲ್ಲ ಅಂತ ಒಳಗೆ ತಿನ್ನಲು ಏನೂ ಇಡಲಿಲ್ಲ. ನಾಲ್ಕು ರಾತ್ರಿ ಕಳೆದವು. ಬೋನಿನ ಸುತ್ತ ಹೆಜ್ಜೆ ಗುರುತು ತುಂಬಿಹೋಗಿದೆ, ಒಳಗೆ ಮಾತ್ರ ಒಂದೂ ಕಾಲಿಟ್ಟಿಲ್ಲ. ಲ್ಯೂರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ತನ್ನ ಕೆಲಸವನ್ನು ಅದು ಮಾಡಿದೆ, ಆ ಹೆಜ್ಜೆಗಳೇ ಸಾಕ್ಷಿ. ನೀವು ಕರೆದು ಊಟಕ್ಕಿಡದೆ ಕಳಿಸಿದ್ದೀರಿ, ಅಷ್ಟೇ.

ಲ್ಯೂರ್ ಅಂದ್ರೆ ಕರೆಯುವ ವಾಸನೆ, ಬೈಟ್ ಅಂದ್ರೆ ತಿನ್ನುವ ವಸ್ತು. ಅಂಗಡಿ ಬಾಟಲಿಗಳ ಮೇಲೆ ಇವೆರಡೂ ಒಂದೇ ಅನ್ನೋ ಥರ ಬರೆದಿರುತ್ತಾರೆ, ನಂಬಬೇಡಿ. ವಾಸನೆ ಪ್ರಾಣಿಯನ್ನು ದೂರದಿಂದ ಹತ್ತಿರಕ್ಕೆ ತರುತ್ತದೆ. ಆದರೆ ತಂತಿಯ ಪೆಟ್ಟಿಗೆಯೊಳಗೆ ಮೈ ತೂರಿಸಿ, ಕೊನೆಯವರೆಗೂ ನಡೆದು, ಬಾಗಿಲು ಬೀಳಿಸುವ ತಗಡನ್ನು ತುಳಿಯಬೇಕಾದರೆ ಅದಕ್ಕೊಂದು ಕಾರಣ ಬೇಕು. ರಕೂನಿಗೆ ಆ ಕಾರಣ ಹೊಟ್ಟೆ.

ಇನ್ನೊಂದು ತಪ್ಪು ಜಾಗದ್ದು. ಲ್ಯೂರನ್ನು ಬಾಗಿಲಲ್ಲೇ ಸುರಿದರೆ ಪ್ರಾಣಿ ಬಾಗಿಲಲ್ಲೇ ನಿಲ್ಲುತ್ತದೆ. ಮೂಸುತ್ತದೆ, ಸುತ್ತು ಹಾಕುತ್ತದೆ, ಹುಡುಕಿದ್ದು ಸಿಕ್ಕಿತಲ್ಲ ಅಂತ ಹೋಗುತ್ತದೆ. ಪ್ರಾಣಿಗಳ ವಾಸನೆ ಗ್ರಂಥಿಯಿಂದ ಮಾಡಿದ ಲ್ಯೂರ್ ಅಥವಾ ಮೂತ್ರವಾದರೆ ಇನ್ನೂ ಕಷ್ಟ, ನರಿ ಜಾತಿಯವು ಅಲ್ಲೇ ಹೊರಳಾಡಿ, ತಮ್ಮದೂ ನಾಲ್ಕು ಹನಿ ಬಿಟ್ಟು, ಆರಾಮಾಗಿ ಹೊರಟುಬಿಡುತ್ತವೆ. ಹಾಗಾಗಿ ಬೋನಿಗೆ ತಿನಿಸಿನ ವಾಸನೆಯ ಲ್ಯೂರ್ ಸಾಕು, ಅಂದ್ರೆ ಮೀನೆಣ್ಣೆ, ಸೋಂಪಿನ ಎಣ್ಣೆ, ಹಣ್ಣಿನ ಎಸೆನ್ಸ್ ಇಂಥವು. ಬಟಾಣಿ ಕಾಳಿನಷ್ಟು ತಗೊಂಡು ಹತ್ತಿಗೆ ಸವರಿ, ಬೋನಿನ ಹಿಂದಿನ ತುದಿಯಲ್ಲಿ ಇಡಿ. ಬೈಟ್ ಕೂಡ ಅಲ್ಲೇ, ತುಳಿಯುವ ತಗಡಿಗಿಂತ ಆಚೆ. ಬಾಗಿಲಿಂದ ಒಳಗಿನವರೆಗೆ ಎರಡು ಮೂರು ಸಣ್ಣ ಚೂರು ಉದುರಿಸಿ. ಸಣ್ಣದು ಅಂದ್ರೆ ನಿಜವಾಗ್ಲೂ ಸಣ್ಣದು, ಹೊರಗೇ ಹೊಟ್ಟೆ ತುಂಬಿದರೆ ಒಳಗೆ ಯಾಕೆ ಬರುತ್ತದೆ?

ಬಾಟಲಿಗಟ್ಟಲೆ ಸುರಿಯುವುದರಿಂದ ಲಾಭ ಏನೂ ಇಲ್ಲ. ಅವುಗಳ ಮೂಗು ನಮ್ಮದಕ್ಕಿಂತ ಎಷ್ಟೋ ಚುರುಕು, ನಮಗೆ ಹಿತವಾಗಿ ಬರುವಷ್ಟು ವಾಸನೆ ಇದ್ದರೆ ಅವಕ್ಕೆ ಅದೇ ಜಾಸ್ತಿ. ಅದಕ್ಕಿಂತ ಗಾಳಿ ನೋಡಿ. ಪ್ರಾಣಿ ಓಡಾಡುವ ದಾರಿಯ ಕಡೆಗೆ ವಾಸನೆ ತೇಲಿ ಹೋಗುವ ಹಾಗೆ ಬೋನು ಇಟ್ಟರೆ ಅರ್ಧ ಕೆಲಸ ಮುಗಿಯಿತು.

ಪ್ರಶ್ನೆ: ದಿನಾ ಬೆಳಗ್ಗೆ ಬೈಟ್ ಖಾಲಿ, ಬಾಗಿಲು ತೆರೆದೇ ಇರುತ್ತದೆ. ಯಾರು ತಿನ್ನುತ್ತಿದ್ದಾರೆ?

ಉತ್ತರ: ಮೊದಲು ಬೋನಿನ ತಳಕ್ಕೆ ತೆಳ್ಳಗೆ ನಯವಾದ ಮಣ್ಣು ಹಾಕಿ. ಬೆಳಗ್ಗೆ ಹೆಜ್ಜೆಗಳೇ ಹೆಸರು ಹೇಳುತ್ತವೆ. ಕಾಲಿಗೆ ತಂತಿ ಬದಲು ಮಣ್ಣು ಸಿಕ್ಕಿದರೆ ಪ್ರಾಣಿ ಒಳಗೆ ಬರುವುದೂ ಸಲೀಸು.

ಸಣ್ಣ ಸಣ್ಣ ಹೆಜ್ಜೆ ಕಂಡರೆ ಇಲಿ. ಅದರ ಭಾರಕ್ಕೆ ತಗಡು ಅಲ್ಲಾಡುವುದಿಲ್ಲ. ಒಳಗೆ ಹೆಜ್ಜೆಯೇ ಇಲ್ಲದೆ ಹೊರಗೆ ಪುಟ್ಟ ಮಗುವಿನ ಕೈ ಒತ್ತಿದ ಹಾಗೆ ಗುರುತಿದ್ದರೆ ರಕೂನ್, ಜಾಲರಿಯ ಸಂದಿಯಲ್ಲಿ ಕೈ ಹಾಕಿ ಎಳೆದುಕೊಂಡಿದೆ. ನಾನೊಮ್ಮೆ ಟಾರ್ಚ್ ಆರಿಸಿ ಕೂತು ನೋಡಿದ್ದೇನೆ. ಬೋನಿನ ಹಿಂದೆ ಕೂತು, ಮುಖ ಬೇರೆ ಕಡೆ ತಿರುಗಿಸಿ, ಜೇಬಿನಲ್ಲಿ ಚಿಲ್ಲರೆ ತಡಕುವವರ ಹಾಗೆ ಬೆರಳಾಡಿಸುತ್ತಾ ಒಂದೊಂದೇ ಮೀನಿನ ಚೂರು ಹೊರಗೆ ತೆಗೆಯಿತು. ಕಣ್ಣಿನ ಅಗತ್ಯವೇ ಬೀಳಲಿಲ್ಲ. ಅದರ ಮೆದುಳಲ್ಲಿ ಸ್ಪರ್ಶಕ್ಕೆ ಅಂತ ಇರುವ ಭಾಗದಲ್ಲಿ ಮುಂಗೈಗಳದ್ದೇ ದೊಡ್ಡ ಪಾಲು, ಇನ್ನೇನಾಗುತ್ತೆ ಹೇಳಿ!

ಪರಿಹಾರ ಸುಲಭ. ಬೋನಿನ ಹಿಂದಿನ ಮೂರನೇ ಒಂದು ಭಾಗಕ್ಕೆ ಎಲ್ಲಾ ಕಡೆಯಿಂದ ಸಣ್ಣ ಕಣ್ಣಿನ ಜಾಲರಿ ಸುತ್ತಿ, ಇಲ್ಲಾಂದ್ರೆ ಹಲಗೆ ಒರಗಿಸಿ. ಬೈಟನ್ನು ಬಾಯಿ ಕಿರಿದಾದ ಗಟ್ಟಿ ಡಬ್ಬಿಯಲ್ಲಿ ಹಾಕಿ ತಳಕ್ಕೆ ತಂತಿಯಿಂದ ಬಿಗಿಯಿರಿ. ಬೋನನ್ನೂ ನೆಲಕ್ಕೆ ಗೂಟ ಹೊಡೆದು ನಿಲ್ಲಿಸಿ. ಅಲುಗಾಡುವ ಬೋನಿನೊಳಗೆ ಯಾರೂ ಎರಡನೇ ಹೆಜ್ಜೆ ಇಡುವುದಿಲ್ಲ, ಕೆಲವು ಸಲ ಉರುಳಿಸಿಯೇ ಬೈಟ್ ತಿನ್ನುತ್ತವೆ. ಅಳತೆಯನ್ನೂ ನೋಡಿಕೊಳ್ಳಿ. ರಕೂನಿಗೆ ಸಾಮಾನ್ಯವಾಗಿ 10 ಇಂಚು ಅಗಲ, 12 ಇಂಚು ಎತ್ತರ, 32 ಇಂಚು ಉದ್ದದ ಬೋನು ಬಳಸುತ್ತಾರೆ. ತೀರಾ ಗಿಡ್ಡದಾದರೆ ಬಾಗಿಲು ಬಾಲದ ಮೇಲೋ ಸೊಂಟದ ಮೇಲೋ ಬೀಳುತ್ತದೆ, ಪ್ರಾಣಿ ಹಿಂದಕ್ಕೆ ಸರಿದು ತಪ್ಪಿಸಿಕೊಳ್ಳುತ್ತದೆ.

ಪ್ರಶ್ನೆ: ರಕೂನಿಗೆ ಇಟ್ಟ ಬೋನಿಗೆ ಪಕ್ಕದ ಮನೆ ಬೆಕ್ಕು ಮೂರನೇ ಸಲ ಬಿತ್ತು. ಮಾತುಕತೆ ನಿಲ್ಲುವ ಹಂತಕ್ಕೆ ಬಂದಿದೆ!

ಉತ್ತರ: ಮೀನು ಇಟ್ಟಿದ್ದೀರಿ ಅಲ್ವಾ? ತೆಗೆದುಬಿಡಿ. ಮಾರ್ಷ್‌ಮ್ಯಾಲೋ, ಜೇನು ಸವರಿದ ಬ್ರೆಡ್, ಮಾಗಿದ ಹಣ್ಣು ಇಂಥ ಸಿಹಿ ಇಡಿ. ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗುವುದಿಲ್ಲ. ಸಿಹಿ ಗುರುತಿಸಲು ಬೇಕಾದ ಒಂದು ಜೀನ್ ಬೆಕ್ಕಿನ ಜಾತಿಯಲ್ಲಿ ಕೆಲಸ ಮಾಡುವುದಿಲ್ಲ ಅಂತ 2005ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ರಕೂನಿಗೋ ಸಿಹಿ ಅಂದ್ರೆ ಪ್ರಾಣ. ಜೊತೆಗೆ ಮಾರ್ಷ್‌ಮ್ಯಾಲೋ ಬೆಳ್ಳಗಿರುವುದರಿಂದ ಕತ್ತಲಲ್ಲೂ ಕಣ್ಣಿಗೆ ಬೀಳುತ್ತದೆ. ಲ್ಯೂರಲ್ಲಿ ಕ್ಯಾಟ್‌ನಿಪ್ ಅಥವಾ ವಲೇರಿಯನ್ (ಬೆಕ್ಕುಗಳನ್ನು ಸೆಳೆಯುವ ಗಿಡಗಳು) ಇದೆಯಾ ಅಂತಲೂ ನೋಡಿ. ಬಾಬ್‌ಕ್ಯಾಟ್ ಅನ್ನೋ ಕಾಡುಬೆಕ್ಕು ಹಿಡಿಯುವವರು ಬಳಸುವ ಸಾಮಾನು ಅದು, ಊರ ಬೆಕ್ಕುಗಳೆಲ್ಲ ಮೆರವಣಿಗೆ ಬರುತ್ತವೆ.

ಬಾಬ್‌ಕ್ಯಾಟಿನ ಮಾತು ಬಂತಲ್ಲ, ಅದಕ್ಕೆ ಮೂಗಿಗಿಂತ ಕಣ್ಣು ಮುಂದು. ದೊಡ್ಡ ಬೋನಿನ ಒಳಗೆ ಹಿಂದುಗಡೆ ಗಾಳಿಗೆ ಅಲ್ಲಾಡುವ ಒಂದು ಗರಿ ಕಟ್ಟಿದರೆ ಎಷ್ಟೋ ಸಲ ಲ್ಯೂರಿಗಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ. ಮುಂಗುಸಿಯಂತೆ ಉದ್ದ ಮೈಯ ಮಿಂಕಿನ ಕಥೆ ಇನ್ನೂ ಬೇರೆ. ನೀರಿನ ಅಂಚಲ್ಲಿ ಕಂಡ ಪ್ರತಿ ಬಿಲಕ್ಕೂ ಮೂತಿ ತೂರಿಸುವುದು ಅದರ ಚಾಳಿ. ಬೋನನ್ನು ಕಲ್ಲು, ಹುಲ್ಲಿನಿಂದ ಮುಚ್ಚಿ ಕತ್ತಲ ಬಿಲದ ಹಾಗೆ ಮಾಡಿದರೆ ಒಂದು ಚೂರು ಮೀನು ಸಾಕು.

ಪ್ರಶ್ನೆ: ಚಳಿಗಾಲ ಬಂದ ಮೇಲೆ ಅದೇ ಲ್ಯೂರಿಗೆ ಏನೂ ಬರುತ್ತಿಲ್ಲ.

ಉತ್ತರ: ಚಳಿಯಲ್ಲಿ ವಾಸನೆ ಏಳುವುದೇ ಕಮ್ಮಿ, ನೀರು ಬೆರೆತ ಲ್ಯೂರ್ ಹೆಪ್ಪುಗಟ್ಟುತ್ತದೆ ಬೇರೆ. ಗ್ಲಿಸರಿನ್ ಬೆರೆತದ್ದು ಅಥವಾ ಮುಲಾಮಿನ ಥರ ಎಣ್ಣೆಪಸೆ ಇರುವಂಥದ್ದು ತಗೊಳ್ಳಿ. ಮಾರ್ಟನ್, ಫಿಶರ್ (ಮಿಂಕಿನ ಬಳಗದ, ಮರ ಹತ್ತುವ ಪ್ರಾಣಿಗಳು) ಹಿಡಿಯುವವರು ಸ್ಕಂಕ್ (ನಾತದ ದ್ರವ ಚಿಮ್ಮಿಸುವ ಪ್ರಾಣಿ) ಘಾಟಿನ ಲ್ಯೂರನ್ನು ಬಟ್ಟೆ ಚೂರಿಗೆ ಸವರಿ, ಬೋನಿನ ಮೇಲಿನ ಕೊಂಬೆಗೆ ನಮ್ಮ ತಲೆಗಿಂತ ಎತ್ತರಕ್ಕೆ ಕಟ್ಟುತ್ತಾರೆ. ಮೇಲಿದ್ದರೆ ಗಾಳಿ ದೂರಕ್ಕೆ ಒಯ್ಯುತ್ತದೆ. ಕರೆಯುವುದು ಕೊಂಬೆಯ ಮೇಲೆ, ತಿನ್ನುವುದು ಬೋನಿನ ಒಳಗೆ.

ಚಳಿಯಲ್ಲಿ ಬೋನನ್ನು ದಿನಕ್ಕೊಮ್ಮೆಯಾದರೂ, ಬೆಳಕು ಹರಿದ ಕೂಡಲೇ ನೋಡಿ ಬರಲೇಬೇಕು. ಆಗದ ದಿನ ಬಾಗಿಲು ಕಟ್ಟಿ ಮುಚ್ಚಿಬಿಡಿ, ಸುಮ್ನೆ ಒಂದು ಜೀವ ಒದ್ದಾಡುವುದು ಬೇಡ.

ಪ್ರಶ್ನೆ: ಮಾಂಸದ ಬೈಟನ್ನು ಮುಚ್ಚಿಡಬೇಕು ಅಂತಾರೆ, ಯಾಕೆ?

ಉತ್ತರ: ಹದ್ದು, ಗಿಡುಗ ವಾಸನೆಗಲ್ಲ, ಕಣ್ಣಿಗೆ ಕಂಡದ್ದಕ್ಕೆ ಎರಗುತ್ತವೆ. ಮೇಲಿನಿಂದ ಕಾಣುವ ಬೈಟನ್ನು ಅಮೆರಿಕದ ಹಲವು ರಾಜ್ಯಗಳು ಇದೇ ಕಾರಣಕ್ಕೆ ನಿಷೇಧಿಸಿವೆ. ಬೋನಿನ ಮೇಲೆ ಸೊಪ್ಪು ಹಾಕಿ. ನಿಮ್ಮ ಲೈಸೆನ್ಸ್ ಜೊತೆ ಕೊಟ್ಟ ನಿಯಮದ ಪುಸ್ತಕ ತೆರೆದು ನೋಡಿ, ಹಿಡಿದ ಪ್ರಾಣಿಯನ್ನು ಬೇರೆ ಕಡೆ ಒಯ್ದು ಬಿಡಬಹುದೋ ಇಲ್ಲವೋ ಅನ್ನುವುದೂ ಅದರಲ್ಲೇ ಇರುತ್ತದೆ.

ಪ್ರಶ್ನೆ: ಸ್ಕಂಕ್ ಲ್ಯೂರ್ ಬಾಟಲಿ ಜಾಕೆಟ್ ಮೇಲೆ ಚೆಲ್ಲಿತು. ಮನೆಯವರು ಒಳಗೆ ಬಿಡುತ್ತಿಲ್ಲ.

ಉತ್ತರ: ಅವರ ತಪ್ಪೇನಿಲ್ಲ! ನನ್ನ ಕಾರಿನ ಸೀಟಿಗೆ ಬಿದ್ದಿದ್ದು ಎರಡು ಹನಿ, ಒಂದಿಡೀ ಮಳೆಗಾಲ ಕಿಟಕಿ ತೆರೆದೇ ಓಡಿಸಿದೆ. ಟೊಮೆಟೊ ರಸ ಹಚ್ಚಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆ ನಾತ ಗಂಧಕ ಇರುವ ರಾಸಾಯನಿಕದ್ದು, ಅದನ್ನು ಮುರಿಯಬೇಕು. ಸುಮಾರು 1 ಲೀಟರ್ ಶೇಕಡ 3ರ ಹೈಡ್ರೋಜನ್ ಪೆರಾಕ್ಸೈಡ್‌ಗೆ ಕಾಲು ಕಪ್ ಅಡುಗೆ ಸೋಡಾ, ಒಂದೆರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ತಕ್ಷಣ ಬಳಸಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಬಟ್ಟೆಯ ಬಣ್ಣ ಸ್ವಲ್ಪ ಹೋಗಬಹುದು. ಮಿಕ್ಕಿದ್ದನ್ನು ನಾಳೆಗೆ ಅಂತ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಡಿ, ಗ್ಯಾಸ್ ತುಂಬಿ ಸಿಡಿಯುತ್ತದೆ.