ಡಿಸ್ಕ್ ಜಾರುವುದಿಲ್ಲ: ಬೆನ್ನಿನ ಬಗ್ಗೆ ಓದುಗರ ಪ್ರಶ್ನೆಗಳು

(ಮೂವತ್ತು ವರ್ಷ ಅಂಗರಚನಾಶಾಸ್ತ್ರ ಕಲಿಸಿದ ಪ್ರಾಧ್ಯಾಪಕಿಯೊಬ್ಬರು ಉತ್ತರಿಸಿದ್ದಾರೆ)

ಪ್ರಶ್ನೆ: ನನಗೆ 42 ವರ್ಷ. ಸೊಂಟದಿಂದ ಎಡಗಾಲಿನ ಹಿಂಭಾಗದವರೆಗೆ ಸೆಳೆತವಿದೆ. ಎಂಆರ್‌ಐ ನೋಡಿ ಡಿಸ್ಕ್ ಜಾರಿದೆ ಎಂದರು. ಅಂದಿನಿಂದ ಬಗ್ಗುವುದಕ್ಕೂ ಮಗುವನ್ನು ಎತ್ತಿಕೊಳ್ಳುವುದಕ್ಕೂ ಭಯ. ಜಾರಿದ ಡಿಸ್ಕನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಬಹುದೇ ಮೇಡಂ?

ಉತ್ತರ: 'ಜಾರಿದೆ' ಎಂಬ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಡಿಸ್ಕ್ ಜಾರುವುದಿಲ್ಲ. ಶವಚ್ಛೇದನ ಕೊಠಡಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ನಾನು ಪ್ರತಿವರ್ಷ ಒಂದು ಕೆಲಸ ಕೊಡುತ್ತಿದ್ದೆ: ಎರಡು ಕಶೇರುಮಣಿಗಳ ನಡುವಿನ ಡಿಸ್ಕನ್ನು ಕೈಯಿಂದ ಬಿಡಿಸಿ ತೆಗೆಯಿರಿ. ಗಟ್ಟಿಮುಟ್ಟಾದ ಹುಡುಗರು ಕೂಡ ಎಳೆದು, ತಿರುಚಿ, ಕೊನೆಗೆ ಸೋತು ಕೈಬಿಡುತ್ತಿದ್ದರು. ಡಿಸ್ಕ್ ಎಂದರೆ ಎರಡು ಮೂಳೆಗಳ ನಡುವೆ ಇಟ್ಟ ಬಿಲ್ಲೆಯಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಅದರ ನಾರುಗಳು ಬೇರಿನಂತೆ ಇಳಿದಿರುತ್ತವೆ.

ಅಡ್ಡಡ್ಡಲಾಗಿ ಕೊಯ್ದಾಗ ಅದರ ನಿಜವಾದ ಚೆಲುವು ಕಾಣುತ್ತದೆ. ಹೊರಗೆ ಒಂದರೊಳಗೊಂದು ಸೇರಿದ ಬಳೆಗಳಂತೆ ಸುಮಾರು 15ರಿಂದ 25 ಪದರಗಳು. ಒಂದು ಪದರದ ನಾರು ಬಲಕ್ಕೆ ಓರೆಯಾಗಿದ್ದರೆ ಅದರ ಪಕ್ಕದ್ದು ಎಡಕ್ಕೆ ಓರೆ. ನೀವು ಯಾವ ಕಡೆಗೆ ತಿರುಗಿದರೂ ಅರ್ಧದಷ್ಟು ಪದರಗಳು ಬಿಗಿಯಾಗಿ ನಿಂತು ತಡೆಯುತ್ತವೆ. ನಡುವೆ ಲೋಳೆಯಂಥ ತಿರುಳು, ಎಳೆ ವಯಸ್ಸಿನಲ್ಲಿ ಅದರ ಬಹುಪಾಲು ಬರಿ ನೀರು. ಆ ಪದರಗಳನ್ನು ಚಿಮುಟದಿಂದ ಒಂದೊಂದಾಗಿ ಬಿಡಿಸುವಾಗ ಇಷ್ಟು ಅಚ್ಚುಕಟ್ಟಾದ ನೇಯ್ಗೆ ದೇಹದಲ್ಲಿ ಬೇರೆಲ್ಲೂ ಇಲ್ಲವೆಂದು ನನಗೆ ಪ್ರತಿಸಲವೂ ಅನ್ನಿಸಿದೆ.

ನಿಮಗಾಗಿರುವುದು ಬಹುಶಃ ಇಷ್ಟು: ಹೊರಗಿನ ಬಳೆಯಲ್ಲಿ ಬಿರುಕು ಬಿಟ್ಟು, ತಿರುಳಿನ ಸ್ವಲ್ಪ ಭಾಗ ಹಿಂದಕ್ಕೆ ಒತ್ತಿಬಂದಿದೆ. ಡಿಸ್ಕಿನ ಹಿಂಬದಿಯ ನಟ್ಟನಡುವೆ ಉದ್ದನೆಯ ರಜ್ಜುವೊಂದು (ಮೂಳೆಯನ್ನು ಮೂಳೆಗೆ ಕಟ್ಟುವ ನಾರಿನ ಪಟ್ಟಿ) ಆಧಾರವಾಗಿ ಇಳಿದಿದೆ. ಸೊಂಟದ ಭಾಗಕ್ಕೆ ಬರುವಷ್ಟರಲ್ಲಿ ಅದು ಕಿರಿದಾಗುವುದರಿಂದ ತಿರುಳು ಅದರ ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಕಾಲಿಗೆ ಹೋಗುವ ನರದ ಬೇರು ಇರುವುದೂ ಸರಿಯಾಗಿ ಅಲ್ಲಿಯೇ. ಸೊಂಟದಲ್ಲಿ ಹೀಗಾಗುವುದು ಹೆಚ್ಚಾಗಿ ಕೊನೆಯ ಎರಡು ಡಿಸ್ಕುಗಳಲ್ಲಿ. ನೋವು ಬರಿ ಒತ್ತಡದಿಂದ ಬರುವುದಲ್ಲ, ತಿರುಳು ತಾಗಿದರೆ ನರದ ಬೇರು ಕೆರಳಿ ಊದಿಕೊಳ್ಳುತ್ತದೆ. ತೊಂದರೆ ಸೊಂಟದಲ್ಲಿದ್ದರೂ ನೋಯುವುದು ಕಾಲು ಎಂಬುದಕ್ಕೆ ಕಾರಣ ಇದೇ.

ಅದನ್ನು ಕೈಯಿಂದ ಒಳಗೆ ತಳ್ಳಿ ಕೂರಿಸಲು ಆಗುವುದಿಲ್ಲ. ಹಾಗೆ ಮಾಡುತ್ತೇವೆ ಎನ್ನುವವರ ಬಳಿ ದಯವಿಟ್ಟು ಹೋಗಬೇಡಿ. ಆದರೆ ಹೊರಬಂದ ಚೂರನ್ನು ದೇಹದ ರಕ್ಷಣಾ ಕೋಶಗಳು ನಿಧಾನವಾಗಿ ಕರಗಿಸಬಲ್ಲವು. ಹೆಚ್ಚಿನವರಿಗೆ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ನೋವು ಇಳಿಯುತ್ತದೆ. ಯಾವ ನೋವೂ ಇಲ್ಲದವರ ಎಂಆರ್‌ಐಯಲ್ಲೂ ಉಬ್ಬಿದ ಡಿಸ್ಕ್ ಕಾಣುವುದು ಸಾಮಾನ್ಯ ಎಂಬುದನ್ನೂ ತಿಳಿದಿರಿ. ಕ್ಲಿನಿಕ್ಕುಗಳ ಮೇಜಿನ ಮೇಲೆ ಇಡುವ ಪ್ಲಾಸ್ಟಿಕ್ ಬೆನ್ನುಮೂಳೆಯ ಬಗ್ಗೆ ನನಗೆ ಸಿಟ್ಟಿದೆ. ಅದರಲ್ಲಿ ಕೆಂಪು ಡಿಸ್ಕೊಂದು ಮಣಿಗಳ ನಡುವಿನಿಂದ ನಾಲಿಗೆಯಂತೆ ಹೊರಚಾಚಿರುತ್ತದೆ. ಅದನ್ನು ನೋಡಿ ಬಂದವರು ತಿಂಗಳುಗಟ್ಟಲೆ ಬಗ್ಗುವುದನ್ನೇ ಬಿಡುತ್ತಾರೆ. ಹಾಗೆ ಮಾಡಬೇಡಿ, ನೋವು ಬಿಟ್ಟಷ್ಟು ಓಡಾಡಿ. ಮಗುವನ್ನು ಎತ್ತುವಾಗ ಎದೆಗೆ ಹತ್ತಿರ ತಂದುಕೊಂಡು ಎತ್ತಿ. ಭಾರ ಮೈಯಿಂದ ದೂರವಾದಷ್ಟೂ ಸೊಂಟದ ಮೇಲಿನ ಹೊರೆ ಹೆಚ್ಚುತ್ತದೆ.

ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ಸಂದಿಯಲ್ಲಿ ಜೋಮು ಹಿಡಿದರೆ, ಪಾದ ಎತ್ತಲಾಗದಷ್ಟು ಸೋತರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬಹಳ ಹೊತ್ತು ಬಗ್ಗಿ ಕೆಲಸ ಮಾಡಿ ಏಳುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಬಗ್ಗಿದ್ದಾಗ ಇಲ್ಲದ ನೋವು ಏಳುವಾಗ ಏಕೆ?

ಉತ್ತರ: ಎದ್ದು ನಿಂತು ಎರಡೂ ಹೆಬ್ಬೆರಳುಗಳನ್ನು ಸೊಂಟದಲ್ಲಿ ಬೆನ್ನುಮೂಳೆಯ ಆಚೀಚೆ ಒತ್ತಿ ಹಿಡಿಯಿರಿ. ಎರಡು ದಪ್ಪ ಹಗ್ಗಗಳು ಸಿಗುತ್ತವೆ. ಅವು ಎರೆಕ್ಟರ್ ಸ್ಪೈನೆ, ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುಗಳು. ನಿಂತಲ್ಲೇ ಹೆಜ್ಜೆ ಹಾಕಿದರೆ ಒಂದಾದ ಮೇಲೊಂದು ಬಿಗಿಯುವುದು ಬೆರಳಿಗೇ ತಿಳಿಯುತ್ತದೆ. ಈಗ ಮೆಲ್ಲಗೆ ಮುಂದಕ್ಕೆ ಬಾಗಿ. ಮೊದಲು ಹಗ್ಗಗಳು ಗಟ್ಟಿಯಾಗುತ್ತವೆ, ಏಕೆಂದರೆ ನೀವು ಬೀಳದಂತೆ ಅವು ಮೇಲಿನಿಂದ ಹಿಡಿದಿವೆ. ಪೂರ್ತಿ ಬಾಗಿ ಕೈಗಳನ್ನು ಜೋಲುಬಿಟ್ಟರೆ ಅವು ಸುಮ್ಮನಾಗುತ್ತವೆ. 1950ರ ದಶಕದಲ್ಲಿ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ಇಬ್ಬರು ಸಂಶೋಧಕರು ಸ್ನಾಯುಗಳ ವಿದ್ಯುತ್ ಸಂಕೇತ ದಾಖಲಿಸಿ ಈ ಮೌನವನ್ನು ತೋರಿಸಿಕೊಟ್ಟರು.

ಆಗ ನಿಮ್ಮ ಮೇಲುಮೈಯ ಭಾರ ಹೊರುವವರು ಯಾರು? ರಜ್ಜುಗಳು ಮತ್ತು ಡಿಸ್ಕುಗಳು. ರಜ್ಜು ಬಹಳ ಹೊತ್ತು ಎಳೆತದಲ್ಲಿದ್ದರೆ ಸ್ವಲ್ಪಸ್ವಲ್ಪವೇ ಸಡಿಲವಾಗುತ್ತ ಹೋಗುತ್ತದೆ, ಏಳಲು ಹೊರಟ ಕ್ಷಣವೇ ಮೊದಲಿನ ಬಿಗಿಗೆ ಮರಳುವುದಿಲ್ಲ. ಅಷ್ಟರಲ್ಲಿ ಸುಮ್ಮನಿದ್ದ ಸ್ನಾಯುಗಳು ಒಮ್ಮೆಲೇ ಪೂರ್ತಿ ಭಾರ ಹಿಡಿಯಬೇಕು. ನಿಮಗೆ ಚಳುಕು ಬರುವುದು ಆ ಘಳಿಗೆಯಲ್ಲಿ. ಆದ್ದರಿಂದ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು, ನಾಲ್ಕು ಹೆಜ್ಜೆ ನಡೆದು ಮತ್ತೆ ಬಗ್ಗಿ. ಏಳುವ ಮೊದಲು ಕೈಯನ್ನು ತೊಡೆಗೆ ಊರಿಕೊಂಡರೂ ಸಾಕಷ್ಟು ಹಗುರವಾಗುತ್ತದೆ.

ಈ ಹಗ್ಗಗಳ ಅಡಿಯಲ್ಲಿ, ಮೂಳೆಗೆ ಅಂಟಿಕೊಂಡು ಮಲ್ಟಿಫಿಡಸ್ ಎಂಬ ಇನ್ನೊಂದು ಸ್ನಾಯುವಿದೆ. ಕನ್ನಡಿಯಲ್ಲಿ ಕಾಣುವ ಟ್ರಪೀಜಿಯಸ್, ಲ್ಯಾಟಿಸ್ಸಿಮಸ್ ಡಾರ್ಸೈಗಳು ಬೆನ್ನಿನಲ್ಲಿ ನೆಲೆ ಮಾಡಿಕೊಂಡಿದ್ದರೂ ಮುಖ್ಯವಾಗಿ ಹೆಗಲು, ತೋಳುಗಳ ಕೆಲಸದವು. ಮಲ್ಟಿಫಿಡಸ್ ಹಾಗಲ್ಲ. ಅದರ ಒಂದೊಂದು ಎಸಳೂ ಕೆಲವೇ ಮಣಿಗಳನ್ನು ದಾಟಿ, ಮಣಿಯನ್ನು ಮಣಿಗೆ ಬಿಗಿಹಿಡಿಯುತ್ತದೆ. ಸೊಂಟ ನೋಯುವ ಬದಿಯಲ್ಲಿ ಅದು ಬೇಗ ಸೊರಗುತ್ತದೆ, ಮತ್ತು ನೋವು ಹೋದ ಮಾತ್ರಕ್ಕೆ ತಾನಾಗಿ ತುಂಬಿಕೊಳ್ಳುವುದಿಲ್ಲ. ನೋವು ನಿಂತ ದಿನವೇ ವ್ಯಾಯಾಮವನ್ನೂ ನಿಲ್ಲಿಸಬೇಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಪ್ರಶ್ನೆ: ಬೆನ್ನುಮೂಳೆಯಲ್ಲಿ 33 ಮೂಳೆ ಎಂದು ಒಂದು ಪುಸ್ತಕ, 26 ಎಂದು ಇನ್ನೊಂದು. ಮಗಳಿಗೆ ಯಾವುದು ಹೇಳಲಿ?

ಉತ್ತರ: ಎರಡೂ ಸರಿ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗೆ 5, ಬಾಲದ ತುದಿಯಲ್ಲಿ ಸಾಮಾನ್ಯವಾಗಿ 4. ಬೆಳೆಯುತ್ತ ಕೆಳಗಿನ ಐದು ಬೆಸೆದು ಒಂದಾಗುತ್ತವೆ, ಬಾಲದವೂ ಬೆಸೆದುಕೊಳ್ಳುತ್ತವೆ. ಹೀಗೆ ದೊಡ್ಡವರಲ್ಲಿ 26. ಜಿರಾಫೆಯ ಕತ್ತಿನಲ್ಲೂ ಏಳೇ ಮಣಿ ಎಂದು ಹೇಳಿ, ಅವಳಿಗೆ ಖುಷಿಯಾಗುತ್ತದೆ.

ಪ್ರಶ್ನೆ: ಬೆಳಿಗ್ಗೆ ನಾವು ಎತ್ತರವಾಗಿರುತ್ತೇವೆ ಎಂಬುದು ನಿಜವೇ?

ಉತ್ತರ: ನಿಜ. ಬೆನ್ನುಮೂಳೆಯ ಉದ್ದದ ಸುಮಾರು ಕಾಲುಭಾಗ ಡಿಸ್ಕುಗಳದ್ದು. ಹಗಲಿಡೀ ಭಾರಕ್ಕೆ ಅವುಗಳಿಂದ ನೀರು ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತವೆ. ದೊಡ್ಡವರ ಡಿಸ್ಕಿನ ಒಳಗೆ ರಕ್ತನಾಳಗಳಿಲ್ಲ, ಪೋಷಣೆಯೆಲ್ಲ ಅಕ್ಕಪಕ್ಕದ ಮೂಳೆಯಿಂದ ಜಿನುಗಿಯೇ ಬರಬೇಕು. ಸಂಜೆಯ ಹೊತ್ತಿಗೆ ನಮ್ಮ ಎತ್ತರ ಸುಮಾರು ಶೇಕಡಾ ಒಂದರಷ್ಟು ಇಳಿದಿರುತ್ತದೆ, ಅದರಲ್ಲಿ ಅರ್ಧದಷ್ಟು ಎದ್ದ ಮೊದಲ ಒಂದು ಗಂಟೆಯಲ್ಲೇ. ಎದ್ದ ಕೂಡಲೇ ಡಿಸ್ಕುಗಳು ನೀರು ಕುಡಿದು ಬಿಗಿದಿರುವುದರಿಂದ ಆಗ ಬಾಗಿದರೆ ಅವುಗಳಿಗೆ ಬೀಳುವ ಒತ್ತಡ ಜಾಸ್ತಿ. ಸೊಂಟನೋವು ಇರುವವರು ನೆಲದ ಮೇಲಿನ ಭಾರ ಎತ್ತುವುದನ್ನೂ ಪೂರ್ತಿ ಬಾಗುವ ವ್ಯಾಯಾಮವನ್ನೂ ಆ ಒಂದು ಗಂಟೆ ಮುಂದಕ್ಕೆ ಹಾಕಿ.