ಪ್ಯಾಲಡಿನ್ ಮತ್ತು ಕಳ್ಳನ ಜಗಳ ನಿಲ್ಲಿಸಲು ಗುಂಪಿನ ಎಲ್ಲರಿಗೂ ಒಂದೇ ಅಲೈನ್‌ಮೆಂಟ್ ಕಡ್ಡಾಯ ಮಾಡಬೇಕೇ?

ಅಲೈನ್‌ಮೆಂಟ್ ಎಂದರೆ ಆಟದ ಪಾತ್ರವೊಂದರ ನೈತಿಕ ನಿಲುವಿನ ಗುರುತು: ನಿಯಮಕ್ಕೆ ಬದ್ಧ (ಲಾಫುಲ್) ಅಥವಾ ಸ್ವಚ್ಛಂದ (ಕೇಯಾಟಿಕ್), ಒಳ್ಳೆಯ (ಗುಡ್) ಅಥವಾ ದುಷ್ಟ, ಇಲ್ಲವೇ ನಡುವಿನದು (ನ್ಯೂಟ್ರಲ್). ನಿಮ್ಮ ಲಾಫುಲ್ ಗುಡ್ ಪ್ಯಾಲಡಿನ್ (ಧರ್ಮಯೋಧ) ಮತ್ತು ಕೇಯಾಟಿಕ್ ನ್ಯೂಟ್ರಲ್ ಕಳ್ಳ ಪ್ರತಿ ಸೆಷನ್ನಿನಲ್ಲೂ ಕಿತ್ತಾಡುತ್ತಾರೆ ಎಂದು ನಿಮ್ಮ ಪತ್ರದಲ್ಲಿ ಓದುತ್ತಿದ್ದಂತೆ, ಹಲವು ವರ್ಷಗಳ ಹಿಂದೆ ನಾನು ಡಂಜನ್ ಮಾಸ್ಟರ್ (ಕಥೆ ನಡೆಸಿ, ನಿಯಮ ತೀರ್ಮಾನಿಸುವವನು) ಆಗಿ ನಡೆಸಿ, ಕೈಯಾರೆ ಮುಳುಗಿಸಿದ ಕ್ಯಾಂಪೇನ್ (ಹಲವು ಸೆಷನ್‌ಗಳಲ್ಲಿ ಸಾಗುವ ಕಥೆ) ಕಣ್ಣ ಮುಂದೆ ಬಂತು. ಅಲ್ಲಿದ್ದದ್ದೂ ಇದೇ ಜೋಡಿ.

ನಾವು ಆಡುತ್ತಿದ್ದುದು, ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಮುನ್ನಡೆಸುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಮೂರನೇ ಆವೃತ್ತಿ. ಕಥೆ ನಡೆಯುತ್ತಿದ್ದುದು ಶತ್ರುಗಳು ಮುತ್ತಿಗೆ ಹಾಕಿದ್ದ ಕೋಟೆಯೊಂದರಲ್ಲಿ. ಊರಿನವರು ಹಸಿದಿದ್ದರು, ಕಣಜದ ಬೀಗದ ಕೈ ಮಾತ್ರ ದಳಪತಿಯ ಸೊಂಟದಲ್ಲಿತ್ತು. ಕಳ್ಳ ಒಂದು ರಾತ್ರಿ ಅದನ್ನು ಎಗರಿಸಿ, ಹನ್ನೆರಡು ಮೂಟೆ ಧಾನ್ಯ ಹೊರಗೆ ಸಾಗಿಸಿ, ಹತ್ತನ್ನು ಹಂಚಿ, ಎರಡನ್ನು ಮಾರಿಕೊಂಡು, ಬೆಳಗಾಗುವಷ್ಟರಲ್ಲಿ ಏನೂ ಅರಿಯದವನಂತೆ ಬಂದು ಮಲಗಿದ್ದ. ಪ್ಯಾಲಡಿನ್ ಎಲ್ಲವನ್ನೂ ಕಣ್ಣಾರೆ ಕಂಡಿದ್ದ. ಮರುದಿನ ದಳಪತಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ‘ನಿನ್ನೆ ರಾತ್ರಿ ಕಣಜಕ್ಕೆ ಕೈ ಹಾಕಿದವರು ಯಾರು?’ ಎಂದು ಕೇಳಿದಾಗ, ಪ್ಯಾಲಡಿನ್ ಆಡುತ್ತಿದ್ದ ಗೆಳೆಯ ದಳಪತಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ, ‘ನಾನು ಬಾಯಿ ಬಿಡದಿದ್ದರೆ ನನ್ನ ಶಕ್ತಿಗಳು ಹೋಗುತ್ತವೆಯೇ?’ ಎಂದ. ನಾನು ತಲೆಯೆತ್ತದೆ ‘ಹೋಗುತ್ತವೆ’ ಎಂದೆ.

ನಾನು ಮಾಡಿದ ತಪ್ಪು ಆ ಒಂದು ಮಾತು. ಅದು ಎಷ್ಟು ಬಗೆಯಲ್ಲಿ ತಪ್ಪು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಇಂದಿಗೂ ಜನ ಮಾಡುತ್ತಿರುವುದನ್ನು ನೋಡುತ್ತೇನೆ. ಮೊದಲನೆಯದಾಗಿ, ನಿಯಮವೇ ಹಾಗಿರಲಿಲ್ಲ. ಆ ಆವೃತ್ತಿಯಲ್ಲಿ ಪ್ಯಾಲಡಿನ್ ಶಕ್ತಿ ಕಳೆದುಕೊಳ್ಳುವುದು ಅವನು ಲಾಫುಲ್ ಗುಡ್ ಆಗಿ ಉಳಿಯದಿದ್ದರೆ, ತಿಳಿದೂ ತಿಳಿದೂ ದುಷ್ಟ ಕೆಲಸ ಮಾಡಿದರೆ ಅಥವಾ ತನ್ನ ನಡತೆಯ ಸಂಹಿತೆಯನ್ನು ಘೋರವಾಗಿ ಮುರಿದರೆ. ಸುಳ್ಳು ಹೇಳಬಾರದು ಎಂದು ಸಂಹಿತೆಯಲ್ಲಿದೆ ನಿಜ, ಆದರೆ ಬಾಯಿ ಮುಚ್ಚಿಕೊಂಡಿರುವುದು ಸುಳ್ಳಲ್ಲ. ‘ನಾನು ಹೇಳುವುದಿಲ್ಲ, ಬೇಕಾದರೆ ನನ್ನನ್ನು ಬಂಧಿಸಿ’ ಎನ್ನುವುದಂತೂ ಖಂಡಿತ ಅಲ್ಲ. ಸಂಹಿತೆ ನ್ಯಾಯಬದ್ಧ ಅಧಿಕಾರವನ್ನು ಗೌರವಿಸಬೇಕೆನ್ನುತ್ತದೆ, ಕಷ್ಟದಲ್ಲಿರುವವರಿಗೆ ನೆರವಾಗಬೇಕೆಂದೂ ಅನ್ನುತ್ತದೆ. ನಾನು ಮೊದಲನೆಯದನ್ನು ಮಾತ್ರ ಹಿಡಿದುಕೊಂಡೆ. ಪ್ಯಾಲಡಿನ್ ತಿಳಿದೂ ಸೇರಬಾರದ್ದು ದುಷ್ಟರ ಜೊತೆಗೆ; ಒಳ್ಳೆಯವರು ಮತ್ತು ನ್ಯೂಟ್ರಲ್ ಇರುವವರ ಜೊತೆ ಧಾರಾಳವಾಗಿ ಸಾಹಸಕ್ಕೆ ಹೋಗಬಹುದು ಎಂದು ಪುಸ್ತಕದಲ್ಲೇ ಇತ್ತು. ನಮ್ಮ ಕಳ್ಳ ನ್ಯೂಟ್ರಲ್ ಆಗಿದ್ದ. ನಾನು ‘ಕೇಯಾಟಿಕ್’ ಎಂಬ ಪದವನ್ನು ‘ದುಷ್ಟ’ ಎಂದು ಓದಿಕೊಂಡಿದ್ದೆ.

ಇದೆಲ್ಲ ನಿಯಮದ ಮಾತಾಯಿತು. ಎರಡು ಪಾತ್ರಗಳ ನಡುವೆ ಮೂಡಬೇಕಾಗಿದ್ದ ತೀರ್ಮಾನವನ್ನು ನಾನು ಒಂದು ಪಾತ್ರ ಮತ್ತು ಅದರ ಕ್ಯಾರೆಕ್ಟರ್ ಶೀಟಿನ (ಪಾತ್ರದ ವಿವರ ಬರೆದಿಟ್ಟ ಹಾಳೆಯ) ನಡುವಿನ ಲೆಕ್ಕಾಚಾರವಾಗಿ ಇಳಿಸಿಬಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಮೂರು ಸೆಷನ್ ಹಿಂದೆ, ಗುಹೆಯಲ್ಲಿ ವಿಷವೇರಿ ಬಿದ್ದಿದ್ದ ಪ್ಯಾಲಡಿನ್ನನ್ನು ಇದೇ ಕಳ್ಳ ತನ್ನ ಚೀಲದಲ್ಲಿದ್ದ ಚಿನ್ನವನ್ನೆಲ್ಲ ಸುರಿದು, ಬೆನ್ನ ಮೇಲೆ ಹೊತ್ತು ಹೊರಗೆ ತಂದಿದ್ದ. ಗೆಳೆಯ ನನ್ನ ಕಡೆ ತಿರುಗಿದಾಗ ನಾನು ಕೇಳಬೇಕಾಗಿದ್ದುದು ಇಷ್ಟೇ: ‘ನಿನ್ನನ್ನು ಹೊತ್ತು ತಂದವನು ಪಕ್ಕದಲ್ಲೇ ನಿಂತಿದ್ದಾನೆ, ಅವನ ಮುಖ ನೋಡುತ್ತೀಯಾ?’ ನಾನು ಕೇಳಲಿಲ್ಲ. ಅವನು ಶಕ್ತಿ ಉಳಿಸಿಕೊಳ್ಳಲು ಬೆರಳು ತೋರಿಸಿದ. ಕಳ್ಳನಿಗೆ ಗಲ್ಲು ಖಚಿತವಾಯಿತು. ಕಳ್ಳನನ್ನು ಆಡುತ್ತಿದ್ದ ಗೆಳತಿ ಒಂದು ಮಾತೂ ಆಡದೆ ತನ್ನ ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು. ಏಳನೆಯದು ಮೇಜಿನಿಂದ ಉರುಳಿ ಕೆಳಗೆ ಬಿತ್ತು. ಯಾರೂ ಬಗ್ಗಿ ಎತ್ತಲಿಲ್ಲ. ಎರಡು ಸೆಷನ್ ಕಳೆಯುವುದರೊಳಗೆ ಗುಂಪು ಚದುರಿತು. ‘ನನ್ನ ಪಾತ್ರ ಇರುವುದೇ ಹಾಗೆ’ ಎಂದು ಗೆಳೆಯ ಆಮೇಲೂ ಹೇಳುತ್ತಿದ್ದ, ಆ ಮಾತನ್ನು ಅವನ ಬಾಯಿಗೆ ಹಾಕಿದವನು ನಾನೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲ್ಲರಿಗೂ ಒಂದೇ ಅಲೈನ್‌ಮೆಂಟ್ ಕೊಟ್ಟರೆ ಜಗಳ ನಿಲ್ಲುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಎರಡು ರಾಜ್ಯಗಳ ಕಾನೂನಿಗೆ ನಿಷ್ಠರಾದ ಇಬ್ಬರು ಲಾಫುಲ್ ಗುಡ್ ಯೋಧರನ್ನು ಒಂದೇ ಕೈದಿಯ ಮುಂದೆ ನಿಲ್ಲಿಸಿ ನೋಡಿ, ಕತ್ತಿ ಹಿರಿಯಲು ಎಷ್ಟು ಹೊತ್ತು ಬೇಕು! 1974ರ ಮೂಲ ಆಟದಲ್ಲಿ ಇದ್ದ ಅಲೈನ್‌ಮೆಂಟ್‌ಗಳು ಮೂರೇ, ಲಾ, ನ್ಯೂಟ್ರಾಲಿಟಿ, ಕೇಯಾಸ್. ಅವು ಒಬ್ಬನ ಸ್ವಭಾವಕ್ಕಿಂತ ಹೆಚ್ಚಾಗಿ ಅವನು ಯಾವ ಪಕ್ಷದವನು ಎಂಬುದನ್ನು ಹೇಳುತ್ತಿದ್ದವು. 1978ರ ಆಟಗಾರರ ಕೈಪಿಡಿಯ ಹೊತ್ತಿಗೆ ಅವು ಒಂಬತ್ತಾದವು, ಪಕ್ಷದ ಗುರುತು ಮನಸ್ಸಿನ ಅಳತೆಗೋಲಾಯಿತು. ನಮ್ಮ ತಲೆನೋವು ಶುರುವಾದದ್ದು ಅಲ್ಲಿಂದಲೇ ಎಂಬುದು ನನ್ನ ಅಭಿಪ್ರಾಯ. ನೀವು ಆಡುತ್ತಿರುವುದು 2014ರ ಐದನೇ ಆವೃತ್ತಿ ಎಂದು ಬರೆದಿದ್ದೀರಿ. ಅದರಲ್ಲಿ ಪ್ಯಾಲಡಿನ್ ಲಾಫುಲ್ ಗುಡ್ ಆಗಿರಲೇಬೇಕೆಂಬ ಕಟ್ಟುಪಾಡೂ ಇಲ್ಲ, ಅವನನ್ನು ಕಟ್ಟಿಹಾಕುವುದು ಅವನು ಮಾಡಿದ ಪ್ರತಿಜ್ಞೆ. ಇಂಥದ್ದೇ ಇನ್ನೊಂದು ಆಟವಾದ ಪಾತ್‌ಫೈಂಡರ್‌ನವರು 2023ರಲ್ಲಿ ಪರಿಷ್ಕರಿಸಿದ ಪುಸ್ತಕಗಳಲ್ಲಿ ಅಲೈನ್‌ಮೆಂಟನ್ನೇ ಕಿತ್ತುಹಾಕಿ, ಪಾತ್ರ ಏನು ಮಾಡಬೇಕೆಂದುಕೊಂಡಿದೆ, ಏನನ್ನು ಎಂದಿಗೂ ಮಾಡದು ಎಂಬುದನ್ನು ಬರೆದುಕೊಳ್ಳಲು ಹೇಳಿದರು.

ಕಂಪ್ಯೂಟರ್ ಆಟಗಳೂ ಇದೇ ದಾರಿಯಲ್ಲಿ ಸಾಗಿವೆ. 1998ರ ಬಾಲ್ಡರ್ಸ್ ಗೇಟ್‌ನಲ್ಲಿ ನಿಮ್ಮ ಕೀರ್ತಿ ಏರಿದರೆ ದುಷ್ಟ ಜೊತೆಗಾರರು ಬಿಟ್ಟುಹೋಗುತ್ತಿದ್ದರು, ಇಳಿದರೆ ಒಳ್ಳೆಯವರು. ಇಡೀ ಗುಂಪಿಗೆ ಒಂದೇ ಅಂಕ. 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್ ಅಲೈನ್‌ಮೆಂಟ್ ಇಲ್ಲದೆ, ಪ್ರತಿಯೊಬ್ಬ ಜೊತೆಗಾರ ನಿಮ್ಮನ್ನು ಎಷ್ಟು ಮೆಚ್ಚುತ್ತಾನೆ ಎಂಬುದನ್ನು ಬೇರೆ ಬೇರೆಯಾಗಿ ಲೆಕ್ಕ ಇಟ್ಟಿತು. ಒಂದೇ ಕೆಲಸಕ್ಕೆ ಒಬ್ಬರು ಹತ್ತಿರ ಬಂದು ಇನ್ನೊಬ್ಬರು ಮುನಿಸಿಕೊಳ್ಳುವುದನ್ನು ಅಲ್ಲಿ ನೋಡಿದಾಗ, ನನ್ನ ಕೋಟೆಯ ಅಂಗಳದಲ್ಲಿ ಏನಿರಲಿಲ್ಲ ಎಂಬುದು ಹೊಳೆಯಿತು.

ಈಗ ನಾನು ಹೊಸ ಗುಂಪು ಕಟ್ಟಿದಾಗ ಅಲೈನ್‌ಮೆಂಟ್ ಜಾಗವನ್ನು ಮೂರನೇ ಸೆಷನ್‌ವರೆಗೆ ಖಾಲಿ ಬಿಡಿಸುತ್ತೇನೆ. ಅದರ ಬದಲು ಪ್ರತಿಯೊಬ್ಬರೂ ಗುಂಪಿನ ಇನ್ನೊಂದು ಪಾತ್ರಕ್ಕೆ ತಾವು ಹೊತ್ತಿರುವ ಒಂದು ಋಣವನ್ನೂ, ಆ ಪಾತ್ರದಲ್ಲಿ ತಮಗೆ ಸಹಿಸಲಾಗದ ಒಂದು ಗುಣವನ್ನೂ ಬರೆಯಬೇಕು. ನೀವೂ ಹೀಗೆ ಮಾಡಿದರೆ ಪಾತ್ರಗಳ ಜಗಳ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಆದರೆ ಅದು ಪಾತ್ರಗಳ ಜಗಳವಾಗಿ ಉಳಿಯುವ ಸಾಧ್ಯತೆ ಹೆಚ್ಚು. ಕಳ್ಳ ಏನೇನು ಕದ್ದ ಎಂಬುದನ್ನೆಲ್ಲ ನೀವು ವಿವರವಾಗಿ ಬರೆದಿದ್ದೀರಿ, ಇಷ್ಟಾದರೂ ಅವನು ಈ ಗುಂಪಿನ ಜೊತೆಗೇ ಏಕೆ ಇದ್ದಾನೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಮುಂದಿನ ಸೆಷನ್ ಆರಂಭಿಸುವ ಮೊದಲು ಅದನ್ನು ಆ ಆಟಗಾರರನ್ನು ಕೇಳಿ. ಉತ್ತರ ಹೇಳುವಾಗ ಪ್ಯಾಲಡಿನ್ ಆಡುವವರೂ ಎದುರಿಗೇ ಕುಳಿತಿರಲಿ.