ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಬಿಟ್ಟರೆ ಇನ್ನೇನಿದೆ?

ಮಂಗಳೂರಿನಿಂದ ದಾವಣಗೆರೆಗೆ ವರ್ಗ ಆಗಿದೆ, ಬಿಸಿಲೂರು ಅಂತ ಎಲ್ಲರೂ ಹೆದರಿಸುತ್ತಿದ್ದಾರೆ, ಬೆಣ್ಣೆ ದೋಸೆ ಬಿಟ್ಟರೆ ಅಲ್ಲಿ ದಿನಾ ಖುಷಿ ಕೊಡುವಂಥದ್ದು ಏನಿದೆ ಅಂತ ಕೇಳಿದ್ದೀರಿ.

ಬಿಸಿಲಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಹೆದರಿಸಿದವರು ಸುಳ್ಳು ಹೇಳಿಲ್ಲ. ಏಪ್ರಿಲ್ ಮಧ್ಯಾಹ್ನ ಪಿ.ಬಿ. ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಬಂದರೆ ಸೀಟಿನ ಮೇಲೆ ಕೂರೋಕಾಗಲ್ಲ. ಆದರೆ ನಿಮ್ಮ ಕಡೆಯ ಹಾಗೆ ಮೈ ಅಂಟುವುದಿಲ್ಲ. ಬೇವಿನ ಮರದ ನೆರಳು ಸಿಕ್ಕರೆ ಸಾಕು, ಜೀವ ಬರುತ್ತದೆ.

ನೀವು ನಿಜವಾಗಿ ಗಮನಿಸಬೇಕಾದ್ದು ಇಲ್ಲಿನ ಮಳೆಗಾಲ. ಜುಲೈನಲ್ಲಿ ನೆತ್ತಿ ಮೇಲೆ ಮೋಡ ಇರುತ್ತದೆ, ಗಾಳಿ ಜೋರು, ಬೀಳುವುದು ಮಾತ್ರ ನಾಲ್ಕು ಹನಿ. ಛತ್ರಿ ತಂದಿದ್ದಕ್ಕೆ ನಿಮಗೇ ನಾಚಿಕೆ ಆಗುತ್ತದೆ. ಆದರೂ ಟೀ ಅಂಗಡಿಯಲ್ಲಿ ಎಲ್ಲರೂ ಭಾರೀ ಮಳೆ ಸುರಿದವರ ಹಾಗೆ ಮಾತಾಡುತ್ತಿರುತ್ತಾರೆ.

"ಎಷ್ಟಾತ್ರೀ?"

"ನೂರಾ ಎಪ್ಪತ್ತೊಂದು."

"ಹಂಗಾದ್ರೆ ಇನ್ನು ಹದಿನೈದು. ಪುಷ್ಯ ಮಳೆಗೆ ತುಂಬ್ತದೆ ಬಿಡ್ರಿ."

ಏನು ಎಷ್ಟಾಯಿತು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಅದು ಲಕ್ಕವಳ್ಳಿಯ ಭದ್ರಾ ಡ್ಯಾಮಿನ ಲೆಕ್ಕ. ಪೂರ್ತಿ ತುಂಬಿದರೆ 186 ಅಡಿ. ಈ ಊರಿನ ಸುತ್ತ ಭತ್ತ ಬೆಳೆಯುವುದು ಅದರ ಕಾಲುವೆ ನೀರಿನಲ್ಲಿ. ನಾವು ಕುಡಿಯುವ ನೀರು ನಿಲ್ಲುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಗೂ ಅಲ್ಲಿಂದಲೇ. (ಹೌದು, ಕೆರೆಯ ಹೆಸರೇ ಟಿ.ವಿ. ಸ್ಟೇಷನ್ ಕೆರೆ. ಆಟೋದವರಿಗೆ ಹಾಗೇ ಹೇಳಿ, ಯಾರೂ ನಗುವುದಿಲ್ಲ.) ನಮ್ಮ ಮಳೆ ನಮ್ಮ ಊರಲ್ಲಿ ಬೀಳುವುದಿಲ್ಲ ನೋಡಿ, ಚಿಕ್ಕಮಗಳೂರಿನ ಕಾಡಲ್ಲಿ ಬೀಳುತ್ತದೆ. ನಿಮ್ಮ ನೇತ್ರಾವತಿ ಹುಟ್ಟುವ ಕುದುರೆಮುಖದ ಬೆಟ್ಟಸಾಲಿನಲ್ಲೇ ಭದ್ರೆಯೂ ಹುಟ್ಟುವುದು. ಹಾಗಾಗಿ ನಿಮ್ಮ ಮನೆಯವರು ಫೋನ್ ಮಾಡಿ "ಘಾಟಿಯಲ್ಲಿ ಒಂದೇ ಸಮ ಮಳೆ" ಅಂದರೆ ಟೀ ಅಂಗಡಿಯಲ್ಲಿ ಹೇಳಿ, ಕುರ್ಚಿ ಎಳೆದು ಕೂರಿಸುತ್ತಾರೆ.

ಈ ಅಂಕಿ ಪತ್ರಿಕೆಯಲ್ಲಿ ಮೂಲೆಯಲ್ಲೊಂದು ಪುಟ್ಟ ಚೌಕಟ್ಟಿನಲ್ಲಿ ಬರುತ್ತದೆ. ಇಂದಿನ ಮಟ್ಟ, ಹೋದ ವರ್ಷ ಇದೇ ದಿನದ ಮಟ್ಟ, ಒಳಹರಿವು ಎಷ್ಟು ಕ್ಯೂಸೆಕ್. ಅಂಗಡಿಗೆ ಬರುವ ಒಂದು ಪತ್ರಿಕೆ ಏಳಕ್ಕೆಲ್ಲ ನಾಲ್ಕು ಹಾಳೆಯಾಗಿ ನಾಲ್ಕು ಕೈ ಸೇರಿರುತ್ತದೆ. ಕ್ರಿಕೆಟ್ ಹಾಳೆ ಹುಡುಗರಿಗೆ, ಮಿಕ್ಕಿದ್ದಕ್ಕೆ ಹಿರಿಯರ ಎಳೆದಾಟ. ನಮ್ಮ ಊರಿನದೇ ದಿನಪತ್ರಿಕೆ ಜನತಾವಾಣಿ ಇದೆ. ಯಾರು ತೀರಿಕೊಂಡರು, ಯಾವ ಬಡಾವಣೆಗೆ ಇವತ್ತು ಕರೆಂಟ್ ಇಲ್ಲ, ಎಲ್ಲಿ ಯಾರ ಸನ್ಮಾನ ಅಂತ ತಿಳಿಯೋಕೆ ಬೆಂಗಳೂರಿನ ಪತ್ರಿಕೆ ಸಾಲದು. ಬಂದ ಮೊದಲ ದಿನವೇ ಹಾಕಿಸಿಕೊಳ್ಳಿ ಅಂತ ನನ್ನ ಸಲಹೆ.

ಈಗ ಡ್ಯಾಮಿನ ಮಟ್ಟ ವಾಟ್ಸಾಪ್‌ನಲ್ಲೂ ಬರುತ್ತದಲ್ಲ ಅಂತೀರೇನೋ. ಬರುತ್ತದೆ. ಅದರ ಕಥೆಯನ್ನೂ ಕೇಳಿ. ಹರಿಹರದ ಕಡೆ ನಮ್ಮದು ಎರಡು ಎಕರೆ ಗದ್ದೆ, ಕಾಲುವೆಯ ಕೊನೆ ಭಾಗ. ಒಂದು ವರ್ಷ ಜುಲೈ ಮೊದಲ ವಾರ ಯಾರೋ ಗೇಟು ತೆರೆದು ನೀರು ಧುಮುಕುವ ವಿಡಿಯೋ ಕಳಿಸಿದರು. ಮೇಲೆ "ಭದ್ರಾ ಭರ್ತಿ" ಅಂತ ಬರೆದಿತ್ತು. ಯಾವ ಕಾಲದ ವಿಡಿಯೋನೋ ಏನೋ. ದೊಡ್ಡಪ್ಪ ನಂಬಿದರು. ಬೋರಿನ ನೀರಲ್ಲೇ ಸಸಿ ಮಡಿ ಹಾಕಿಸಿಬಿಟ್ಟರು. ಕಾಲುವೆಗೆ ನೀರು ಬಿಟ್ಟಿದ್ದು ಆಗಸ್ಟ್‌ನಲ್ಲಿ, ನಮ್ಮ ಗದ್ದೆ ಮುಟ್ಟಿದ್ದು ಇನ್ನೊಂದು ವಾರಕ್ಕೆ. ಅಷ್ಟರಲ್ಲಿ ಸಸಿ ಬಲಿತು ನಾಟಿಗೆ ಬಾರದಂತಾಗಿತ್ತು. ಕಿತ್ತು ಎಮ್ಮೆಗೆ ಹಾಕಿದೆವು. ಎಮ್ಮೆಗೆ ಹಬ್ಬ. ದೊಡ್ಡಪ್ಪ ಆಮೇಲೆ ಅಚ್ಚಾಗದ ಅಂಕಿಯನ್ನು ನಂಬುವುದೇ ಬಿಟ್ಟರು. ಭದ್ರಾವತಿ ಆಕಾಶವಾಣಿಯಲ್ಲಿ ಹೇಳಿದರೂ "ನಾಳೆ ಪೇಪರ್ ಬರ್ಲಿ ತಡಿ" ಅನ್ನುತ್ತಾರೆ.

ಸಂಜೆಯ ಮಾತಿಗೆ ಬಂದರೆ, ಮಂಡಕ್ಕಿ ಮಿರ್ಚಿ. ದೋಸೆ ನೆಂಟರು ಬಂದಾಗ, ಮಂಡಕ್ಕಿ ದಿನಾ. ಇಲ್ಲಿ ಮಂಡಕ್ಕಿ ಭಟ್ಟಿಗಳೇ ಇವೆ, ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು ಒಮ್ಮೆ ನೋಡಿ ಬನ್ನಿ. ಗಾಡಿಯವನು ಒಗ್ಗರಣೆಯ ಎಣ್ಣೆ, ಖಾರದಪುಡಿ, ಹುರಿಗಡಲೆ ಪುಡಿ, ಈರುಳ್ಳಿ ಹಾಕಿ ಎರಡು ಸಲ ಮೇಲೆ ಕೆಳಗೆ ಮಾಡಿ ಕೊಡುತ್ತಾನೆ. ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಎರಡೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಮಿರ್ಚಿಯನ್ನು ತುದಿಯಿಂದ ಕಚ್ಚಿ, ತೊಟ್ಟಿನ ಹತ್ತಿರ ಬೀಜ ಜಾಸ್ತಿ, ಖಾರ ಅಲ್ಲೇ ಕೂತಿರುತ್ತದೆ. ನನ್ನ ಅನುಭವದಲ್ಲಿ ಮಂಡಕ್ಕಿ ಅತಿ ಗರಿಗರಿ ಇರುವುದು ನೀವು ಬೈಯುತ್ತಿರುವ ಆ ಒಣ ಬಿಸಿಲಿನ ತಿಂಗಳುಗಳಲ್ಲೇ. ಮಂಗಳೂರಿಗೆ ಕಟ್ಟಿಸಿಕೊಂಡು ಹೋಗುತ್ತೇನೆ ಅನ್ನಬೇಡಿ, ಆ ಗಾಳಿಗೆ ಪೊಟ್ಟಣ ಬಿಚ್ಚುವ ಮೊದಲೇ ಸತ್ತಿರುತ್ತದೆ.

ವಾಕಿಂಗ್ ಅಭ್ಯಾಸ ಇದ್ದರೆ ಕುಂದವಾಡ ಕೆರೆಯ ಕಡೆ ಮನೆ ನೋಡಿ, ಬೆಳಿಗ್ಗೆ ಏರಿ ಮೇಲೆ ಅರ್ಧ ಊರು ಸಿಗುತ್ತದೆ. ಜುಲೈನಲ್ಲಿ ಬರುವುದಾದರೆ ಮನೆ ಮಾಲೀಕರ ಹತ್ತಿರ ಬಾಡಿಗೆ ಮಾತು ಎತ್ತುವ ಮೊದಲು "ಇವತ್ತು ಎಷ್ಟಾತ್ರೀ?" ಅಂತ ಸುಮ್ನೆ ಕೇಳಿ. ಬಾಡಿಗೆ ಕಡಿಮೆ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಟೀ ಅಂತೂ ಬರುತ್ತದೆ.